ಮುನಿಯಪ್ಪನವರ ಮಂದ ಎಣ್ಣೆ

ತಿರುವನಂತಪುರದಲ್ಲಿ ಕೂತು ರಾಕೆಟ್ಟಿನ ಇಂಧನವನ್ನು ಊಟದ ಹೊತ್ತಿಗೆಲ್ಲ ತೀರ್ಮಾನಿಸಿಬಿಡುವ ವಿಜ್ಞಾನಿ ಮುನಿಯಪ್ಪನವರಿಗೆ, ತಮ್ಮ ಮೂವತ್ತು ವರ್ಷದ ಕಾರಿಗೆ ಎಂಜಿನ್ ಆಯಿಲ್ ಆರಿಸಲು ಮಾತ್ರ ಒಂದು ತಿಂಗಳು ಬೇಕು. ತಂಪಾನೂರಿನ ಅಂಗಡಿಯಲ್ಲಿ ಡಬ್ಬ ಬಿಚ್ಚಿಸಿ, ಹನಿಯನ್ನು ಬೆರಳಲ್ಲಿ ಉಜ್ಜಿ, ಹೆಣ್ಣು ನೋಡಲು ಬಂದ ಗಂಡಿನ ಸೋದರತ್ತೆಯಂತೆ ಮುಖ ಸಿಂಡರಿಸುತ್ತಾರೆ. “ಇದು ತೆಳು ಚೇಟ್ಟಾ! ಎಂಜಿನ್ನು ಸವೆದೈತೆ, ಮಂದ ಇರೋದು ವೇಣಂ!” ಎಂದು ಅಂಗಡಿಯವನನ್ನು ಅರ್ಧ ತಮ್ಮೂರು ಕೋಲಾರದ ಕನ್ನಡದಲ್ಲಿ, ಅರ್ಧ ಮಲಯಾಳದಲ್ಲಿ ಗದರುತ್ತಾರೆ. ಮನೆಯಲ್ಲಿ ದಿನಾ ಬೆಳಿಗ್ಗೆ ಬಾನೆಟ್ ಎತ್ತುತ್ತಾರೆ. ಇಲ್ಲೇ ಹುಟ್ಟಿ, ಅಪ್ಪನೊಡನೆ ಜಗಳವನ್ನೂ ಮಲಯಾಳದಲ್ಲೇ ಆಡುವ ಮಗಳು ಅಪರ್ಣಾ, ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿ, ಚಿಕ್ಕಂದಿನಲ್ಲಿ ಆ ಕಾರಿನ ಪಕ್ಕದಲ್ಲೇ ಕಲಿತ ಮಾತನ್ನು ಹೇಳುತ್ತಾಳೆ: “ಎಣ್ಣೆ ಇನ್ನೂ ಐತಪ್ಪಾ, ಮುಚ್ಚು.” ಇಡೀ ದಿನದಲ್ಲಿ ಅವಳ ಬಾಯಿಂದ ಬರುವ ಕನ್ನಡ ಅಷ್ಟೇ. ಎಣ್ಣೆ ಒಂದೇ ದಿನಕ್ಕೆ ಇಳಿಯುವುದಿಲ್ಲವೆಂದು ವಿಜ್ಞಾನಿಗೆ ಗೊತ್ತಿಲ್ಲವೇ? ನಾಳೆಯೂ ಬಾನೆಟ್ ಎತ್ತುತ್ತಾರೆ.