ಚೆಂಡು ಸರಿಯಾಗಿಯೇ ಬಂದಿತ್ತು

ಇಮ್ತಿಯಾಜ್, ಆ ಭಾನುವಾರ ನೀನು ಎಸೆದ ಮೂರು ಚೆಂಡುಗಳೂ ಸರಿಯಾಗಿಯೇ ಬಂದಿದ್ದವು. ನಾನು ಬೇಕೆಂದೇ ಓಟ ನಿಧಾನ ಮಾಡಿದೆ. ಆರು ವರ್ಷದಿಂದ ಇದನ್ನು ಬಚ್ಚಿಟ್ಟುಕೊಂಡಿದ್ದೇನೆ. ಇನ್ನು ನನ್ನಿಂದ ಆಗುವುದಿಲ್ಲ.

ಇದನ್ನು ಶಬಾನಾ ಅವರೂ ಓದಲಿ ಎಂಬ ಆಸೆ ನನಗೆ, ಅದಕ್ಕೇ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ. ನಾವು ಆಡುತ್ತಿದ್ದದ್ದು ಯಾವ ಆಟ ಎನ್ನುವುದೇ ನಿನ್ನ ಹೆಂಡತಿಯ ತಲೆಗೆ ಹೋಗಿರಲಿಲ್ಲವಲ್ಲ. ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಎರಡು ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಎಸೆದು ಆಡುವ ಅಮೆರಿಕದವರ ಫುಟ್‌ಬಾಲ್. ಎಸೆಯುವವನು ನೀನು, ಕ್ವಾರ್ಟರ್‌ಬ್ಯಾಕ್. ಓಡಿಹೋಗಿ ಹಿಡಿಯುವವನು ನಾನು, ರಿಸೀವರ್. ಇಲ್ಲಿ ಐರ್ಲೆಂಡಿನಲ್ಲಿ, ಬ್ಲಾಂಚರ್ಡ್ಸ್‌ಟೌನ್ ಹತ್ತಿರದ ಆ ಕೆಸರಿನ ಮೈದಾನದಲ್ಲಿ ಇಬ್ಬರು ಕನ್ನಡದವರು ಈ ಆಟ ಆಡುತ್ತಾರೆಂದರೆ ಊರಿನಲ್ಲಿ ಯಾರೂ ನಂಬುತ್ತಿರಲಿಲ್ಲ. ಬೆಂಗಳೂರಿನಲ್ಲಿ ಬೌಂಡರಿಯಿಂದ ನೇರ ವಿಕೆಟ್‌ಗೆ ಎಸೆದು ಪಳಗಿದ ಕೈ ನಿನ್ನದು. ನಾನು ಉಡುಪಿಯ ಕಡೆ ಸ್ಲಿಪ್‌ನಲ್ಲಿ ನಿಂತು ಕ್ಯಾಚ್ ಹಿಡಿದವನು. ಸಾಕಿತ್ತು ಅಷ್ಟು.

ನಮ್ಮ ಲೀಗಿನಲ್ಲಿ ಯಾರಿಗೂ ಸಂಬಳವಿಲ್ಲ. ಹಳೆಯ ತಂಡ ಬಿಟ್ಟ ಒಳ್ಳೆಯ ರಿಸೀವರ್ ತನಗೆ ಇಷ್ಟ ಬಂದಲ್ಲಿಗೆ ಹೋಗುತ್ತಾನೆ. ಅವನು ನೋಡುವುದು ಒಂದನ್ನೇ—ಇಲ್ಲಿ ಎಸೆಯುವವನು ಯಾರು, ಚೆಂಡು ನನ್ನ ತನಕ ಬರುತ್ತದೆಯೇ. ಕಾನರ್ ಬಂದದ್ದೂ ಅದನ್ನೇ ನೋಡುವುದಕ್ಕೆ. ನೆನಪಿದೆಯಾ, ಕೋಚ್ ತಿಂಗಳುಗಟ್ಟಲೆ ಬೆನ್ನು ಬಿದ್ದು ಕರೆಸಿದ ಆ ಹುಡುಗ? ಮೈದಾನದ ಅಂಚಿನ ಗೆರೆಯಾಚೆ ಜೇಬಿನಲ್ಲಿ ಕೈಯಿಟ್ಟು ನಿಂತಿದ್ದ. ನನಗಿಂತ ಹತ್ತು ವರ್ಷ ಚಿಕ್ಕವನು, ಒಂದು ಗೇಣು ಹೆಚ್ಚು ಎತ್ತರ. ಅವನು ಬಂದರೆ ನಾನು ಬೆಂಚಿಗೆ. ಇದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ನನಗೆ ಹೊಟ್ಟೆಕಿಚ್ಚು. ಬೇರೆ ಹೆಸರಿಡುವುದಿಲ್ಲ. ವಾರಪೂರ್ತಿ ಆಫೀಸಿನಲ್ಲಿ ನನ್ನ ಹೆಸರನ್ನು ಯಾರೂ ನೆಟ್ಟಗೆ ಕರೆದವರಿಲ್ಲ, ಆ ಮೈದಾನದಲ್ಲಿ ಮಾತ್ರ ಜನ ಕೂಗುತ್ತಿದ್ದರು. ಅದನ್ನು ಬಿಟ್ಟುಕೊಡುವುದಕ್ಕೆ—ಇರಲಿ, ನನ್ನ ಗೋಳು ನಿನಗೇಕೆ.

ಕೋಚ್ ಮೂರು ಎಸೆತ ಕೇಳಿದರು. ನಾನು ಹನ್ನೆರಡು ಹೆಜ್ಜೆ ನೇರ ಓಡಿ, ಗೆರೆಯ ಕಡೆ ತಿರುಗಬೇಕು. ನಾನು ತಿರುಗುವ ಮೊದಲೇ ಚೆಂಡು ನಿನ್ನ ಕೈ ಬಿಟ್ಟಿರುತ್ತದೆ. ನಾನಿರುವ ಜಾಗಕ್ಕಲ್ಲ, ನಾನು ಬಂದು ತಲುಪುವ ಜಾಗಕ್ಕೆ ನೀನು ಎಸೆಯುತ್ತಿದ್ದೆ. ನಾನು ಬಂದೇ ಬರುತ್ತೇನೆಂದು ನಂಬಿ. ಎರಡು ವರ್ಷ, ಒಂದು ಸಲವೂ ನಾನು ತಪ್ಪಿಸಿರಲಿಲ್ಲ.

ಅಂದು ತಿರುಗಿದ ಮೇಲೆ ಕಾಲು ಸಡಿಲ ಬಿಟ್ಟೆ. ಸ್ವಲ್ಪವೇ. ದೂರದಲ್ಲಿ ನಿಂತವರಿಗೆ ಕಾಣದಷ್ಟು. ಚೆಂಡು ನನ್ನ ಮುಂದೆ ಎರಡಡಿ ದೂರದಲ್ಲಿ ಕೆಸರಿಗೆ ಬಿತ್ತು. ಎರಡನೆಯದೂ ಹಾಗೇ. ಮೂರನೆಯದು ಬಿದ್ದಾಗ—ಇದನ್ನು ಬರೆಯಲು ಕೈ ಬರುತ್ತಿಲ್ಲ—ನಾನು ಎರಡೂ ಕೈ ಅಗಲಿಸಿ ನಿನ್ನ ಕಡೆ ನೋಡಿದೆ, ಎಲ್ಲಿಗೆ ಎಸೆಯುತ್ತಿದ್ದೀಯಾ ಎನ್ನುವ ಹಾಗೆ. ಕಾನರ್ ನೋಡಿದ್ದು ಅದನ್ನು. ಕೋಚ್ ಅವರ ಕೈ ಕುಲುಕಿ, ಕಾರು ಹತ್ತಿ ಹೋದ.

ನೀನು ಓಡಿಕೊಂಡು ಬಂದೆ. ನಿನಗೆ ಸಿಟ್ಟಿರಲಿಲ್ಲ, ಗಾಬರಿಯಾಗಿತ್ತು.

"ಪ್ರಸಾದ, ನಿಜ ಹೇಳೋ. ನನ್ ಟೈಮಿಂಗ್ ತಪ್ತಿದ್ಯಾ?"

ಆಗಲೂ ಹೇಳಬಹುದಿತ್ತು. ನಾನು ನಿನ್ನ ಹೆಗಲು ತಟ್ಟಿದೆ.

"ಸ್ವಲ್ಪ ಮುಂದೆ ಹಾಕ್ತಿದ್ದೀಯ ಕಣೋ. ಬಿಡು, ಇಟ್ಸ್ ಗ್ರ್ಯಾಂಡ್, ಏನಾಗಲ್ಲ."

ನೀನು ನನ್ನ ಮಾತು ನಂಬಿದೆ. ಇನ್ನೊಬ್ಬರ ಮಾತಾಗಿದ್ದರೆ ಜಗಳ ಮಾಡುತ್ತಿದ್ದೆ. ಅಂದಿನಿಂದ ನೀನು, ನಾನು ತಿರುಗುವುದನ್ನು ಕಣ್ಣಾರೆ ಕಂಡ ಮೇಲೆಯೇ ಎಸೆಯತೊಡಗಿದೆ. ಅಷ್ಟರಲ್ಲಿ ಎದುರಾಳಿ ಬಂದು ನಿಂತಿರುತ್ತಿದ್ದ. ಒಂದರ ಹಿಂದೊಂದು ಪಂದ್ಯ ಸೋತೆವು. ಊರಿನ ಆ ತುದಿಯ ಸ್ಯಾಂಡಿಫರ್ಡ್‌ನಲ್ಲಿ ಕೆಲಸ ಮುಗಿಸಿ, ಲುವಾಸ್ ಟ್ರಾಮ್ ಇಳಿದು, ಬಸ್ಸು ಹಿಡಿದು ಎಲ್ಲರಿಗಿಂತ ಮೊದಲು ಬಂದು ನೀನೊಬ್ಬನೇ ಬೇಲಿಗೆ ಚೆಂಡು ಎಸೆಯುತ್ತಿದ್ದುದನ್ನು ನಾನು ಕಾರಿನಲ್ಲಿ ಕೂತು ನೋಡಿದ್ದೇನೆ. ಇಳಿದು ಬರಲಿಲ್ಲ. ಕಾನರ್ ತಾನು ಕಂಡದ್ದನ್ನು ಬೇರೆ ರಿಸೀವರ್‌ಗಳಿಗೆ ಹೇಳಿದ, ಅವರು ಇನ್ನೊಬ್ಬರಿಗೆ. ಆಮೇಲೆ ಒಬ್ಬನೂ ಬರಲಿಲ್ಲ. ಆ ಕೈ ನಂಬಿ ಯಾರು ಬರುತ್ತಾರೆ ಎಂದು ಕೋಚ್ ಎಲ್ಲರೆದುರಿಗೆ ಅಂದಾಗ ನೀನು ತಲೆ ತಗ್ಗಿಸಿದೆ, ನಾನು ಶೂ ಲೇಸ್ ಕಟ್ಟುತ್ತಿದ್ದೆ. ಸೀಸನ್ ಮುಗಿದ ದಿನ ನೀನು, ಇನ್ನು ಆಡುವುದಿಲ್ಲವೆಂದು, ಚೆಂಡಿನ ಚೀಲವನ್ನು ನನ್ನ ಕೈಗೆ ಕೊಟ್ಟು, ಥ್ಯಾಂಕ್ಸ್ ಕಣೋ ಅಂದೆ. ನನಗೆ ಥ್ಯಾಂಕ್ಸ್.

ಈಗ ಮಂಡಿ ಸವೆದು ನಾನು ಆಡುವುದನ್ನು ಬಿಟ್ಟು, ತಂಡದ ಸೆಕ್ರೆಟರಿಯಾಗಿದ್ದೇನೆ. ಆರು ವರ್ಷದಿಂದ ನಮಗೇಕೆ ಒಳ್ಳೆಯ ರಿಸೀವರ್‌ಗಳು ಸಿಗುತ್ತಿಲ್ಲ ಎಂದು ಒಂದು ವರದಿ ಬರೆದು ಶನಿವಾರದ ಸಭೆಯಲ್ಲಿ ಓದಬೇಕಂತೆ. ಮೈದಾನ ಸರಿಯಿಲ್ಲ, ಬಸ್ಸಿಲ್ಲ ಎಂದು ಎರಡು ಪುಟ ತುಂಬಿಸಿಯೂ ಇದ್ದೆ.

ಆಮೇಲೆ ಹೋದ ವಾರ ನಿನ್ನ ಮಗಳು ಸಿಕ್ಕಳು. ಶಾಪಿಂಗ್ ಸೆಂಟರಿನ ಎದುರು, ಕೈಯಲ್ಲಿ ಅದೇ ಚೂಪು ತುದಿಯ ಚೆಂಡು. ಶಾಲೆಯಲ್ಲಿ ಹುಡುಗಿಯರ ತಂಡ ಶುರುವಾಗಿದೆಯಂತೆ. ಅಪ್ಪ ಹೇಳಿಕೊಡ್ತಾರಾ ಪುಟ್ಟಾ ಎಂದು ಕೇಳಿದೆ. ಅವಳು ತನ್ನ ಐರಿಷ್ ರಾಗದಲ್ಲಿ, ಯಾವ ಬೇಸರವೂ ಇಲ್ಲದೆ ಅಂದಳು:

"ಡ್ಯಾಡ್ ಕಾಂಟ್ ಥ್ರೋ, ಅಂಕಲ್. ಹಿ ಟೋಲ್ಡ್ ಮಿ ಹಿಮ್‌ಸೆಲ್ಫ್."

ಅಪ್ಪನಿಗೆ ಎಸೆಯಲು ಬರುವುದಿಲ್ಲವಂತೆ, ನೀನೇ ಹೇಳಿದ್ದಂತೆ. ಮನೆಗೆ ಬಂದು ಆ ಎರಡು ಪುಟ ಹರಿದೆ. ಶನಿವಾರ ಕೋಚ್ ಎದುರಿಗೆ ಓದುವುದು ಇಲ್ಲಿ ಬರೆದಿರುವುದನ್ನೇ, ಇಂಗ್ಲಿಷಿನಲ್ಲಿ. ಅವರು ನನ್ನನ್ನು ತೆಗೆದುಹಾಕಲಿ. ನೀನು ಆ ಸಭೆಗೆ ಬರಬೇಕಾಗಿಲ್ಲ, ನನ್ನನ್ನು ಕ್ಷಮಿಸಬೇಕಾಗಿಯೂ ಇಲ್ಲ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಒಂದನ್ನು ಮಾತ್ರ ಕೇಳುತ್ತೇನೆ. ನಿನ್ನ ಮಗಳಿಗೆ ಕನ್ನಡ ಓದಲು ಬರುವುದಿಲ್ಲ, ಕೇಳಿದರೆ ಅರ್ಥವಾಗುತ್ತದೆ. ಈ ಕಾಗದದ ಮೊದಲ ಎರಡು ಸಾಲನ್ನು ಅವಳಿಗೆ ಓದಿ ಹೇಳು. ಆಮೇಲೆ ಅವಳನ್ನು ಪಾರ್ಕಿಗೆ ಕರೆದುಕೊಂಡು ಹೋಗಿ ಒಂದು ಚೆಂಡು ಎಸೆ, ಮುಂದಕ್ಕೆ, ಅವಳು ಬಂದು ತಲುಪುವ ಜಾಗಕ್ಕೆ. ಅವಳು ಓಟ ನಿಲ್ಲಿಸುವುದಿಲ್ಲ.