ಗೋಧಿ ಮುಟ್ಟದ ಕಲ್ಲು

ಮಹದೇವಸ್ವಾಮಿಯವರ ಹಿಟ್ಟಿನ ಗಿರಣಿ ಉದಯಗಿರಿ ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿದೆ. ಹತ್ತಡಿ ಅಗಲದ ಮಳಿಗೆ, ಒಂದೇ ಬಾಗಿಲು, ಕಿಟಕಿಯಿಲ್ಲ. ಒಳಗೆ ಎರಡು ಬೀಸುವ ಯಂತ್ರಗಳು. ಬಾಗಿಲ ಬಳಿಯದರಲ್ಲಿ ಗೋಧಿ, ಅಕ್ಕಿ, ಕಡಲೆಬೇಳೆ ಎಲ್ಲವನ್ನೂ ಹಾಕುತ್ತಾರೆ. ಒಳಮೂಲೆಯದು ರಾಗಿಗೆ ಮಾತ್ರ. ಇಪ್ಪತ್ತಾರು ವರ್ಷಗಳಲ್ಲಿ ಆ ಮೂಲೆಯ ಕಲ್ಲಿಗೆ ಅವರು ಒಂದು ಹಿಡಿ ಗೋಧಿಯನ್ನೂ ತೋರಿಸಿರಲಿಲ್ಲ. ಗೋಧಿ ಬೀಸಿದ ಕಲ್ಲಿನಲ್ಲಿ ರಾಗಿ ಹಾಕಿದರೆ ಮುದ್ದೆ ಅಂಟಂಟಾಗುತ್ತದೆ ಎಂದು ಅವರ ತಾಯಿ ಹೇಳಿದ್ದರಂತೆ.

ನಾನು ಅಲ್ಲಿಗೆ ಹದಿನೆಂಟು ವರ್ಷದಿಂದ ಹೋಗುತ್ತಿದ್ದೇನೆ. ಡಬ್ಬವನ್ನು ಸಾಲಿನಲ್ಲಿಟ್ಟು ಎದುರುಮನೆಯ ಮೆಟ್ಟಿಲ ಮೇಲೆ ಕೂತರೆ ಮುಕ್ಕಾಲು ಗಂಟೆ ಕಾಯಬೇಕು. ಮೋಟಾರು ನಿಂತಾಗ ಮಾತ್ರ ಮಾತು ಕೇಳಿಸುತ್ತದೆ. ಹಾಗೆ ನಿಂತ ಹೊತ್ತುಗಳಲ್ಲಿ ಅವರು ಹೇಳಿದ್ದನ್ನು ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಹತ್ತು ವರ್ಷದ ಹಿಂದೆ ಗಿರಣಿ ತಾನಾಗಿಯೇ ಮುಚ್ಚುವುದರಲ್ಲಿತ್ತು. ಎಲ್ಲರೂ ಅಂಗಡಿಯಿಂದ ಪ್ಯಾಕೆಟ್ ಹಿಟ್ಟು ತರುತ್ತಿದ್ದರು. ಬೆಳಿಗ್ಗೆ ಬ್ರೆಡ್ಡು, ಸಂಜೆ ಮಕ್ಕಳಿಗೆ ನೂಡಲ್ಸು. ದಿನಕ್ಕೆ ಏಳೆಂಟು ಡಬ್ಬ ಬಂದರೆ ಹೆಚ್ಚು. "ಆಗ್ಲೇ ಮುಚ್ಚೋಗಿದ್ರೆ ಚೆನ್ನಾಗಿತ್ತು ಕಣಮ್ಮ" ಎಂದು ಒಮ್ಮೆ ಅಂದಿದ್ದರು. ಆಮೇಲೆ ಮನೆಮನೆಗೂ ಸಕ್ಕರೆ ಕಾಯಿಲೆ ಬಂತು. ಡಾಕ್ಟರುಗಳು ರಾಗಿ ತಿನ್ನಿ, ನವಣೆ ತಿನ್ನಿ, ಮೈದಾ ಬಿಡಿ ಎಂದರು. ಸಿದ್ಧಾರ್ಥನಗರದಿಂದಲೂ ಕಾರುಗಳು ಬಂದು ನಿಂತವು. ಡಬ್ಬದ ಸಾಲು ಪಕ್ಕದ ಪಂಕ್ಚರ್ ಅಂಗಡಿಯವರೆಗೆ ಬೆಳೆಯಿತು. ಅದರ ಜೊತೆಗೆ ಸ್ವಾಮಿಯವರ ಕೆಮ್ಮೂ ಬೆಳೆಯಿತು.

ಕಳೆದ ವರ್ಷ ಅವರ ಹೆಂಡತಿ ನೀಲಮ್ಮ ಬಲವಂತ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಮೊದಲು ಊಟದ ವಿಷಯ ಕೇಳಿದರಂತೆ. ಬೆಳಿಗ್ಗೆ ಮಜ್ಜಿಗೆ ಹಾಕಿದ ರಾಗಿ ಅಂಬಲಿ, ಮಧ್ಯಾಹ್ನ ಮುದ್ದೆ, ಸೊಪ್ಪಿನ ಬಸ್ಸಾರು, ರಾತ್ರಿ ಮತ್ತೆ ಮುದ್ದೆ, ಹುರುಳಿಕಾಳು ಸಾರು. ಬೇಕರಿ ತಿಂಡಿ ಇಲ್ಲ. ಬಿಪಿ ಇಲ್ಲ, ಶುಗರ್ ಇಲ್ಲ.

"ನಿಮ್ ಊಟ ನೋಡಿದ್ರೆ ನನಗೇ ಹೊಟ್ಟೆಕಿಚ್ಚಾಗುತ್ತೆ ಕಣ್ರೀ. ಆದ್ರೆ ಶ್ವಾಸಕೋಶ ಅರ್ಧ ಕೆಟ್ಟಿದೆ. ಹಿಟ್ಟಿನ ಧೂಳು ಬಿಡ್ಲೇಬೇಕು. ಇವತ್ತಿಂದ್ಲೇ." ಚೀಟಿ ಬರೆದುಕೊಡುತ್ತ ಡಾಕ್ಟರು ತಲೆಯೆತ್ತಿ, "ಅಂದಹಾಗೆ, ನಿಮ್ಮಲ್ಲಿ ಸಿರಿಧಾನ್ಯ ಬೇರೆಬೇರೆಯಾಗೇ ಬೀಸ್ಕೊಡ್ತೀರಾ?" ಎಂದು ಕೇಳಿದರಂತೆ. ಮುಂದಿನ ಭಾನುವಾರ ಅವರ ಮನೆಯ ಡಬ್ಬವೂ ಸಾಲಿನಲ್ಲಿತ್ತು.

ನಾವು ಹೆಂಗಸರು ಸುಮ್ಮನಿರಲಿಲ್ಲ. ಒಬ್ಬರು ಮೆಣಸಿನ ಕಷಾಯ, ಒಬ್ಬರು ದೊಡ್ಡಪತ್ರೆ ರಸ, ಒಬ್ಬರು ಜೇನು ತಂದುಕೊಟ್ಟೆವು. "ಇದೆಲ್ಲಾ ಕುಡುದ್ರೆ ಮುದ್ದೆಗೆ ಎಲ್ರವ್ವಾ ಜಾಗ?" ಎಂದು ಸ್ವಾಮಿಯವರು ನಗುತ್ತಿದ್ದರು, ನಗು ಕೆಮ್ಮಾಗಿ ಗೋಡೆ ಹಿಡಿದುಕೊಳ್ಳುತ್ತಿದ್ದರು. ಅನ್ನದ ಕೆಲಸ ಮಾಡುವವರನ್ನು ದೇವರು ನೋಡಿಕೊಳ್ಳುತ್ತಾನೆ ಎಂದು ನಾವೆಲ್ಲ ನಂಬಿದ್ದೆವು. ಕಷಾಯ ಕೊಟ್ಟು, ಪಕ್ಕದಲ್ಲೇ ಡಬ್ಬವನ್ನೂ ಇಟ್ಟು ಬರುತ್ತಿದ್ದೆವು.

ನೀಲಮ್ಮನ ಅಣ್ಣ ಗುರುಮಲ್ಲಪ್ಪನವರದು ಊರಾಚೆ ಇಲವಾಲದ ಬಳಿ ಗಿಡಗಳ ನರ್ಸರಿ. ನೀರು ಬಿಟ್ಟುಕೊಂಡು, ಬಂದವರಿಗೆ ಗಿಡ ತೋರಿಸಿಕೊಂಡು ಇರಲು ಒಬ್ಬರು ಬೇಕಾಗಿತ್ತು. ಇರಲು ಕೋಣೆಯೂ ಇತ್ತು. "ಭಾವ, ಬಂದ್ಬುಡಿ. ಗಾಳಿ ಕುಡ್ಕೊಂಡು ಇರಿ" ಎಂದು ಕರೆದರು. ಆದರೆ ಗಿರಣಿಯನ್ನು ನಂಬಿ ಕೊಡಲು ಯಾರೂ ಸಿಗಲಿಲ್ಲ. ಸ್ವಾಮಿಯವರನ್ನು ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದಿಟ್ಟಿದ್ದು ಲಕ್ಷ್ಮಮ್ಮನ ಡಬ್ಬ.

ಲಕ್ಷ್ಮಮ್ಮನ ಮೊಮ್ಮಗಳು ಲಾಸ್ಯಳಿಗೆ ಈಗ ಏಳು ವರ್ಷ. ನಾಲ್ಕು ವರ್ಷದವಳಿದ್ದಾಗ ಅವಳಿಗೆ ಗೋಧಿ ಜನ್ಮಕ್ಕೂ ಆಗದು ಎಂದು ಗೊತ್ತಾಯಿತು. ಒಂದು ಚೂರು ಸೇರಿದರೂ ಹೊಟ್ಟೆನೋವು, ಭೇದಿ. ಪ್ಯಾಕೆಟ್ ರಾಗಿ ಹಿಟ್ಟೂ ಆಗಲಿಲ್ಲ, ಅದನ್ನು ಎಲ್ಲಿ ಯಾವುದರ ಜೊತೆ ಬೀಸಿರುತ್ತಾರೋ. ಮೂಲೆಯ ಕಲ್ಲಿನ ಹಿಟ್ಟು ತಿಂದ ಮೇಲೆ ಮಗು ಮೈ ತುಂಬಿಕೊಂಡಿತು. ಗಿರಣಿ ಬಿಡುವ ಮಾತು ಕಿವಿಗೆ ಬಿದ್ದಾಗ ಲಕ್ಷ್ಮಮ್ಮ ನಕ್ಕುಬಿಟ್ಟರು.

"ನೀವು ಬಾಗ್ಲಾಕಿದ್ರೆ ನಮ್ ಮಗು ಏನ್ ತಿನ್ನೋದು ಸ್ವಾಮಣ್ಣ, ನಿಮ್ ನರ್ಸರಿ ಗೊಬ್ಬರಾನಾ?"

ಕೊನೆಗೆ ಗಿರಣಿ ವಹಿಸಿಕೊಳ್ಳಲು ಮಹದೇವು ಎಂಬ ಇನ್ನೊಬ್ಬರು ಸಿಕ್ಕರು. ನಲವತ್ತು ದಾಟಿದವರು, ಮುಂಚೆ ಎಣ್ಣೆ ಗಾಣದಲ್ಲಿದ್ದವರು. ಸ್ವಾಮಿಯವರು ಒಂದು ತಿಂಗಳು ಪಕ್ಕದಲ್ಲೇ ನಿಂತು ಕಲಿಸಿದರು. ಕೊನೆಯ ದಿನ ಮೂಲೆಯ ಕಲ್ಲನ್ನು ತೋರಿಸಿ, "ಇದ್ಕೆ ಮಾತ್ರ ಬೇರೆ ಏನೂ ಹಾಕ್ಬೇಡಿ" ಎಂದು ಮೂರು ಸಲ ಹೇಳಿ, ನೀಲಮ್ಮನ ಜೊತೆ ಇಲವಾಲಕ್ಕೆ ಹೋದರು.

ಹನ್ನೊಂದನೆಯ ದಿನ ಲಕ್ಷ್ಮಮ್ಮ ನಮ್ಮ ಮನೆಗೆ ಬಂದು, "ಇಲವಾಲದ್ ತನ್ಕ ಜೊತೆಗ್ ಬರ್ತೀರಾ?" ಎಂದರು. ಹೋದೆ.

ನರ್ಸರಿಯಲ್ಲಿ ಪೈಪು ಹಿಡಿದು ನಿಂತಿದ್ದವರು ಯಾರೆಂದು ನನಗೆ ಗುರುತು ಸಿಗಲಿಲ್ಲ. ಹುಬ್ಬು ಕಪ್ಪಗಿತ್ತು. ಇಷ್ಟು ವರ್ಷ ನಾನು ನೋಡಿದ್ದ ಬಿಳಿಹುಬ್ಬು ಬರಿಯ ಹಿಟ್ಟು! ಸ್ವಾಮಿಯವರು ಪೈಪು ಎಳೆದುಕೊಂಡೇ ಗೇಟಿನಿಂದ ನಾವು ಕೂತ ಬೆಂಚಿನವರೆಗೆ ಮಾತಾಡುತ್ತಲೇ ನಡೆದು ಬಂದರು, ಕೆಮ್ಮಲೆಂದು ಒಮ್ಮೆಯೂ ನಿಲ್ಲಲಿಲ್ಲ. ನೀಲಮ್ಮ ನಮಗೆ ಮಜ್ಜಿಗೆ ಕೊಟ್ಟರು, ಆದರೆ ಮುಖ ನೋಡಲಿಲ್ಲ. ನಾವು ಯಾಕೆ ಬಂದಿದ್ದೇವೆಂದು ಅವರಿಗೆ ಅರ್ಥವಾಗಿತ್ತು.

"ನಾನೇನ್ ಬಯ್ಯಕ್ ಬಂದಿಲ್ಲ ಸ್ವಾಮಣ್ಣ" ಎಂದರು ಲಕ್ಷ್ಮಮ್ಮ. "ಮಗು ಮೂರ್ ದಿನದಿಂದ ಮಲಗ್ಬುಟ್ಟಿದೆ. ಮಹದೇವುನ್ನ ಕೇಳ್ದೆ. ಹಬ್ಬದ ರಶ್ಶು, ಗೋಧಿ ಮಿಷಿನ್ ಬೆಲ್ಟ್ ಕಿತ್ತೋಯ್ತು, ಒಂದಿನ ಮೂಲೇದ್ರಲ್ಲೇ ಹಾಕ್ದೆ, ಆಮೇಲೆ ಬಟ್ಟೇಲಿ ಒರೆಸಿದೀನಿ ಅಂದ್ರು. ಅವ್ರೂ ಅಳ್ತಾ ಇದ್ರು. ಆ ಕಲ್ಲು ತೊಳುದ್ರೆ ಸರಿಹೋಗುತ್ತಾ? ಅಷ್ಟ್ ಕೇಳ್ಕೊಂಡ್ ಹೋಗಣ ಅಂತ ಬಂದೆ."

"ತೊಳ್ಯಕ್ಕಾಗಲ್ಲ" ಎಂದರು ಸ್ವಾಮಿಯವರು. "ಗೆರೆಗೆರೇಲೂ ಹಿಟ್ಟು ಕೂತಿರುತ್ತೆ. ಬಿಚ್ಚಿ, ಉಳೀಲಿ ಕುಟ್ಟಿ, ಮೇಲಿನ ಪದರಾನೇ ತೆಗೀಬೇಕು."

"ಯಾರ್ ಮಾಡ್ತಾರೆ ಅದ್ನ?"

ಸ್ವಾಮಿಯವರು ಪೈಪು ಕೆಳಗಿಟ್ಟರು. ನೀರು ಹರಿದುಹೋಗುತ್ತಲೇ ಇತ್ತು, ಯಾರೂ ನಲ್ಲಿ ನಿಲ್ಲಿಸಲಿಲ್ಲ. "ಮುಂಚೆ ಒಬ್ರು ಬರೋರು, ತೀರ್ಕೊಂಡ್ರು. ಆಮೇಲೆ ನಾನೇ ಮಾಡ್ಕೋತಿದ್ದೆ."

"ಭಾವ, ಒಂದ್ಸಲ ಆ ಬಾಗ್ಲೊಳಕ್ಕೆ ಹೋದ್ರೆ ಡಬ್ಬ ತರೋರು ನಿಮ್ನ ವಾಪಸ್ ಬಿಡಲ್ಲ" ಎಂದರು ಗುರುಮಲ್ಲಪ್ಪ, ನಮ್ಮ ಎದುರಿಗೇ. ಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಬನ್ನಿ ಅಂತ ನಾನಂದ್ನಾ? ಅಂದ್ನಾ ನೀವೇ ಹೇಳಿ" ಎಂದು ನನ್ನನ್ನು ಕೇಳಿದರು. ಅವರು ಹಾಗೆ ಅಂದಿರಲಿಲ್ಲ, ನಿಜ.

ಮಾರನೆಯ ಬೆಳಿಗ್ಗೆ ಸ್ವಾಮಿಯವರು ಗಿರಣಿಗೆ ಬಂದರು. ಮೂಗಿಗೆ ಎರಡು ಟವೆಲ್ ಸುತ್ತಿಕೊಂಡು ಕಲ್ಲು ಬಿಚ್ಚಿದರು. ಬಾಗಿಲು ಅರ್ಧ ಎಳೆದಿತ್ತು. ಉಳಿಯ ಸದ್ದು ಕೇಳಿಸುತ್ತಿತ್ತು, ನಡುವೆ ಕೆಮ್ಮು, ಆಮೇಲೆ ಸುಮ್ಮನೆ, ಮತ್ತೆ ಉಳಿ. ಎರಡು ದಿನ ಹಾಗೇ ನಡೆಯಿತು. ಮೂರನೆಯ ದಿನ ಕಲ್ಲು ಕೂರಿಸಿ, ತಮ್ಮದೇ ಹತ್ತು ಕಿಲೋ ರಾಗಿ ಸುರಿದು ಬೀಸಿದರು. ಕಲ್ಲಿನಲ್ಲಿ ಇನ್ನೇನಾದರೂ ಉಳಿದಿದ್ದರೆ ಅದರ ಜೊತೆ ಹೋಗಲಿ ಎಂದು ಆ ಹಿಟ್ಟನ್ನು ಹಾಲಿನವರ ಹಸುಗಳಿಗೆ ಕಳಿಸಿದರು. ಆಮೇಲೆ ಲಕ್ಷ್ಮಮ್ಮನ ಡಬ್ಬ ತೆಗೆದುಕೊಂಡರು.

ಅದು ಮುಗಿಯುವಷ್ಟರಲ್ಲಿ ಮಹದೇವು ಬೀಗದ ಕೈ ತಂದು ತಕ್ಕಡಿಯ ಮೇಲಿಟ್ಟರು. "ನಂಗ್ಬೇಡ ಸ್ವಾಮಿ. ಮಗೀನ್ ಜೀವದ್ ಇಚಾರ. ಇನ್ನೊಂದ್ಸಲ ಇಂಗಾದ್ರೆ ನಾನು ಬದುಕೋದ್ ಎಂಗೆ?" ಮಹದೇವು ಚಪ್ಪಲಿ ಮೆಟ್ಟಿಕೊಂಡು ಹೋದರು.

ಗಿರಣಿ ತೆರೆದಿದೆ ಎಂಬ ಸುದ್ದಿ ಅಷ್ಟರಲ್ಲಿ ಹಬ್ಬಿತ್ತು. ಹನ್ನೆರಡು ಡಬ್ಬ ಬಂದು ನಿಂತಿದ್ದವು. ನಾಲ್ಕನೆಯದು ನನ್ನದು. ಎತ್ತಿಕೊಂಡು ಹೋಗಬಹುದಿತ್ತು. ಮನೆಯಲ್ಲಿ ಮಾರನೆಯ ದಿನಕ್ಕೆ ಹಿಟ್ಟಿರಲಿಲ್ಲ. ಬೇರೆ ಗಿರಣಿಗೆ ಹೋಗಲು ಎರಡು ಬಸ್ಸು ಹಿಡಿಯಬೇಕು ಎಂದುಕೊಂಡು ಕೂತೇ ಇದ್ದೆ.

ನೀಲಮ್ಮ ಬಾಗಿಲಲ್ಲಿ ನಿಂತಿದ್ದರು. "ನಿಮ್ಮಣ್ಣಂಗೆ ಫೋನ್ ಮಾಡು. ಬೇರೆಯವ್ರನ್ನ ನೋಡ್ಕೊಳ್ಳಿ ಅಂತ ಹೇಳ್ಬುಡು" ಎಂದರು ಸ್ವಾಮಿಯವರು, ಮೋಟಾರು ನಿಲ್ಲಿಸಿ.

"ನಾನ್ ಹೇಳಲ್ಲ. ನೀವೇ ಹೇಳಿ."

ಅವರೇ ಫೋನ್ ಮಾಡಿದರು. ಆ ಕಡೆಯಿಂದ ಗುರುಮಲ್ಲಪ್ಪ ಬಹಳ ಹೊತ್ತು ಏನೋ ಹೇಳುತ್ತಿದ್ದರು. ಸ್ವಾಮಿಯವರು "ಹೂಂ, ಹೂಂ" ಎನ್ನುತ್ತ, ಇನ್ನೊಂದು ಕೈಯಲ್ಲಿ ಮುಂದಿನ ಡಬ್ಬದ ಮುಚ್ಚಳ ತೆಗೆದು, ಒಳಗಿರುವುದು ರಾಗಿಯೋ ಗೋಧಿಯೋ ಎಂದು ನೋಡಿದರು.