ಹುರುಳಿ ಹರಡಿದ ರಸ್ತೆಯಲ್ಲಿ ದೊಡ್ಡಮ್ಮ

ದೊಡ್ಡಮ್ಮನ ಅಂಗಾಲು ಒಣಗಿದ ಕೆರೆಯಂಗಳದಂತೆ ಬಿರುಕು ಬಿಟ್ಟಿತ್ತು. ಆ ಕಾಲಿನಲ್ಲೇ, ಚಪ್ಪಲಿಯಿಲ್ಲದೆ, ಸೀರೆಯನ್ನು ಎತ್ತಿ ಕಟ್ಟಿ, ಡಾಂಬರು ರಸ್ತೆಯ ನಡುಮಧ್ಯೆ ನಿಂತು ಅವಳು ಗಾಡಿಗಳಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಗೊತ್ತಿಲ್ಲದವರು ಸುಂಕ ವಸೂಲಿ ಎಂದುಕೊಂಡು ಜೇಬಿಗೆ ಕೈ ಹಾಕುತ್ತಿದ್ದರು.

ನಮ್ಮೂರು ಕೆ.ಆರ್.ಪೇಟೆಯಿಂದ ಸಂತೆಬಾಚಹಳ್ಳಿಗೆ ಹೋಗುವ ದಾರಿಯ ಒಂದು ತಿರುವಿನಲ್ಲಿದೆ. ತೊಂಬತ್ತರ ದಶಕದ ಶುರುವಿನಲ್ಲಿ ಆ ರಸ್ತೆಗೆ ಹೊಸದಾಗಿ ಡಾಂಬರು ಬಿದ್ದದ್ದೇ ತಡ, ಊರಿಗೆ ಊರೇ ಕಣ ಮಾಡುವುದನ್ನು ಬಿಟ್ಟಿತು. ನೆಲ ಕೆತ್ತಿ, ಸಗಣಿ ಸಾರಿಸಿ, ಎತ್ತು ಕಟ್ಟಿ ಒಕ್ಕಣೆಯ ಕಲ್ಲುಗುಂಡು ಎಳೆಸುವ ಕಷ್ಟ ಯಾರಿಗೆ ಬೇಕು? ಕಿತ್ತ ಹುರುಳಿಯನ್ನು ರಸ್ತೆಗೆ ಹರಡಿದರೆ ಬಸ್ಸು, ಲಾರಿ, ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಹೊರುವ ಟ್ರಾಕ್ಟರು ಪುಕ್ಕಟೆಯಾಗಿ ಒಕ್ಕಿಕೊಟ್ಟು ಹೋಗುತ್ತಿದ್ದವು. ಸೊಪ್ಪಿನಡಿಯಲ್ಲಿ ಉದುರಿದ ಕಾಳು ಗೋಲಿಯಂತೆ ಜಾರುತ್ತದೆ ಎಂಬುದು ನಾಲ್ಕು ಚಕ್ರದವರ ಚಿಂತೆಯಲ್ಲ.

ದೊಡ್ಡಪ್ಪನದು ಎರಡು ಚಕ್ರ. ಸಂತೆಯಿಂದ ಮೊಪೆಡ್ಡಿನಲ್ಲಿ ಬಂದವನು ಅಲ್ಲೇ ಜಾರಿ ಬಿದ್ದು ತೊಡೆ ಮುರಿದುಕೊಂಡ. ಆ ಹುರುಳಿ ಅವನದೇ ಹೊಲದ್ದು. ಬೆಳಿಗ್ಗೆ ಹರಡಿದವಳು ದೊಡ್ಡಮ್ಮ. ಮೈಸೂರಿನ ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದವನನ್ನು ನೋಡಲು ಬಂದವರೆಲ್ಲ ಹಣೆಬರಹ ಎಂದು ನಿಟ್ಟುಸಿರು ಬಿಟ್ಟು, ಕಿತ್ತಳೆಹಣ್ಣು ಇಟ್ಟು ಹೋದರು. ನಾನೂ ಅದನ್ನೇ ಅಂದೆ.

“ಅಣೆಬರ ಅಲ್ಲ ಕಣ್ಲಾ, ಉಳ್ಳಿ. ಅರಡ್ದೋಳು ನಾನು. ಅಣೆಬರುಕ್ಕೆ ಯಾಕ್ಲಾ ಬೋಯ್ತೀಯ?” ಎಂದಳು ದೊಡ್ಡಮ್ಮ.

ವಾರ್ಡಿನ ತುಂಬ ಸಾಲಾಗಿ ತೂಗುಬಿದ್ದ ಕಾಲುಗಳನ್ನು ನೋಡಿ ಇನ್ನೊಂದು ಪ್ರಶ್ನೆಯನ್ನೂ ಕೇಳಿದಳು. ನಾನಾಗ ಆರೋಗ್ಯ ಇಲಾಖೆಯಲ್ಲಿ ಮಲೇರಿಯಾ ಕೆಲಸ ನೋಡುತ್ತಿದ್ದೆ. “ಸೊಳ್ಳೆಗೆ ಔಸ್ದಿ ಒಡೀತೀರಿ. ಇದುಕ್ಕೇನ್ಲಾ ಒಡೀತೀರಿ?”

ಇಲಾಖೆಯ ಪರವಾಗಿ ನಾನು ಕೆಮ್ಮಿದೆ. ರಸ್ತೆಯಲ್ಲಿ ಮುರಿಯುವ ಕೈಕಾಲುಗಳು ಪ್ರಪಂಚದ ಎಲ್ಲ ಕಡೆ ಯಾವ ರೋಗಕ್ಕೂ ಕಡಿಮೆಯಿಲ್ಲದ ಪಿಡುಗು ಎಂದು ಎಷ್ಟೋ ಕಾಲದ ಮೇಲೆ ತರಬೇತಿಯೊಂದರಲ್ಲಿ ಅಧಿಕಾರಿಯೊಬ್ಬರು ಹೇಳಿದರು. ನಾವೆಲ್ಲ ಗಂಭೀರವಾಗಿ ತಲೆದೂಗಿ ಟೀ ಕುಡಿಯಲು ಎದ್ದೆವು.

ದೊಡ್ಡಪ್ಪ ಕುಂಟುತ್ತ ಮನೆ ಸೇರಿದ. ದೊಡ್ಡಮ್ಮ ಮನೆಯ ಮುಂದೆಯೇ ಮತ್ತೆ ಕಣ ಮಾಡಿ, ಯಾರು ಬೇಕಾದರೂ ಬಂದು ಒಕ್ಕಿಕೊಳ್ಳಿ ಎಂದು ಊರಿಗೆಲ್ಲ ಸಾರಿದಳು. ಯಾರೂ ಬರಲಿಲ್ಲ. ಅವಳ ಮೈದುನ, ಅಂದರೆ ನನ್ನ ಅಪ್ಪ, ಬರಲಿಲ್ಲ. ಬರದಿರುವುದಿರಲಿ, ಅದೇ ತಿರುವಿನಲ್ಲಿ ತನ್ನ ಹುರುಳಿ ಹರಡಿದ. ಗಾಡಿಯವರು ಪಕ್ಕದಲ್ಲಿ ತಪ್ಪಿಸಿಕೊಂಡು ಹೋಗದಿರಲೆಂದು ಅಂಚಿಗೆ ಕಲ್ಲುಗಳನ್ನೂ ಇಟ್ಟ. ದೊಡ್ಡಮ್ಮ ರಸ್ತೆಗೆ ಇಳಿದದ್ದು ಆವತ್ತು. ಸೈಕಲ್ಲು ಬರಲಿ, ಸ್ಕೂಟರು ಬರಲಿ, ಒಂದೇ ಮಾತು: “ಇಳ್ದು ತಳ್ಕೊಂಡ್ ವೋಗಿ.”

ನನಗೂ ವಿನಾಯಿತಿ ಇರಲಿಲ್ಲ. ಆ ಕಾಲಕ್ಕೇ ಹೆಲ್ಮೆಟ್ಟು ಹಾಕಿ, ಎದುರಿಗೆ ಎಮ್ಮೆ ಬಂದರೂ ಬ್ರೇಕು ಹಿಡಿದು ನಿಲ್ಲುತ್ತಿದ್ದ ನನ್ನನ್ನು ಕಂಡರೆ ಊರವರು “ಚಂದ್ರಲೋಕಕ್ಕಾ ಸವಾರಿ?” ಎನ್ನುತ್ತಿದ್ದರು. ನಗದವಳು ಅವಳೊಬ್ಬಳೇ. “ಅದ್ರಲ್ಲಿ ತಲೆ ಉಳೀತದೆ. ತೊಡೆಗೇನ್ ಆಕಿದ್ದೀಯ? ಇಳೀಲಾ” ಎಂದಳು.

ಒಮ್ಮೆ ಒಬ್ಬ ಪೊಲೀಸಿನವನ ಬೈಕನ್ನೇ ನಿಲ್ಲಿಸಿದಳು.

“ಯಾರಮ್ಮಾ ನೀನು, ಗಾಡಿ ನಿಲ್ಸೋಕೆ?”

“ಇಲ್ಲಿ ಬಿದ್ದೋನ ಎಂಡ್ರು ಕಣಪ್ಪ. ನಾಳೀಕೆ ನಿನ್ನೆಂಡ್ರು ಬಂದು ನಿಂತ್ಕಳಂಗಾಗ್ಬಾರ್ದು, ಇಳಿ.”

ಅವನು ಇಳಿದ. ಬದುವಿನ ಮೇಲಿಂದ ಅಪ್ಪ ಕೂಗಿದ: “ಅತ್ಗೆ, ಮನೆ ಮಾನ ಕಳೀಬ್ಯಾಡಿ!”

“ಮಾನ ಮುರುದ್ರೆ ಕೂಡ್ಕತದೆ, ನಿಮ್ಮಣ್ಣನ ಕಾಲ್ ನೋಡಪ್ಪಾ!”

ಅಲ್ಲಿಂದ ಅತ್ತಿಗೆ ಮೈದುನರ ಮಾತು ನಿಂತಿತು. ಅಪ್ಪ ಪ್ರತಿ ಸುಗ್ಗಿಗೂ ಹರಡಿದ, ದೊಡ್ಡಮ್ಮ ಪ್ರತಿ ಸುಗ್ಗಿಗೂ ನಿಂತಳು. ಆ ವರ್ಷಗಳಲ್ಲಿ ತಿರುವಿನಲ್ಲಿ ಯಾರೂ ಬೀಳಲಿಲ್ಲ. ಬೀಳದೆ ಉಳಿದವರು ಯಾರ‍್ಯಾರು ಎಂದು ತಿಳಿಯುವ ಬಗೆ ಇಲ್ಲವಾದ್ದರಿಂದ ಅವಳಿಗೆ ಯಾರೂ ಋಣಿಯಾಗಲಿಲ್ಲ. ಬಹುಶಃ ನಾನು ಅವರಲ್ಲೊಬ್ಬ.

ದಶಕ ಮುಗಿಯುವ ಮುಂಚೆ ಒಂದು ಮಳೆಗಾಲದಲ್ಲಿ ಜ್ವರ ಬಂದು ದೊಡ್ಡಮ್ಮ ತೀರಿಕೊಂಡಳು. ಮಲೇರಿಯಾ ಅಲ್ಲ. ನನ್ನ ಹೆದರಿಕೆಗೆ ರಕ್ತ ಪರೀಕ್ಷೆ ಮಾಡಿಸಿದ್ದೆ.

ಆ ಸುಗ್ಗಿಯಲ್ಲಿ ಅಪ್ಪ ಹುರುಳಿ ಹೇರಿದ ಗಾಡಿಯನ್ನು ತಿರುವಿನವರೆಗೂ ಹೊಡೆದುಕೊಂಡು ಬಂದ. ನಾನು ಹಿಂದೆ ನಡೆಯುತ್ತಿದ್ದೆ. ರಸ್ತೆ ಖಾಲಿಯಿತ್ತು, ಅಡ್ಡ ಹಿಡಿಯುವವರು ಇರಲಿಲ್ಲ. ಅಪ್ಪ ಎತ್ತು ನಿಲ್ಲಿಸಿ ಅವಳು ನಿಲ್ಲುತ್ತಿದ್ದ ಜಾಗವನ್ನು ನೋಡಿದ. ಆಮೇಲೆ ಗಾಡಿಯನ್ನು ಅಣ್ಣನ ಮನೆಯ ಕಡೆ ತಿರುಗಿಸಿದ. ಸಾರಿಸುವವರಿಲ್ಲದೆ ಕಣದಲ್ಲಿ ಗರಿಕೆ ಎದ್ದಿತ್ತು.

“ರೋಡಲ್ಲಾದ್ರೆ ಕಾಳ್ಗೆ ಮಣ್ ಸೇರ್ಕತದೆ” ಎಂದ ಅಪ್ಪ, ಯಾರೂ ಕೇಳದಿದ್ದರೂ.

ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದ ದೊಡ್ಡಪ್ಪ ಎಲೆಯಡಿಕೆ ಉಗಿದು ಬಂದು ಹೇಳಿದ: “ಈ ಮಾತ್ನೇ ಅವ್ಳಿದ್ದಾಗ ಆಡಿದ್ರೆ, ಕರ್ದು ಕೂರಿಸಿ ಎರ್ಡು ಮುದ್ದೆ ಇಕ್ತಿದ್ಲು ಕಣ್ಲಾ.”

ಅಪ್ಪ ಎತ್ತುಗಳ ನೊಗ ಬಿಚ್ಚಿದ. ಗುದ್ದಲಿ ಹುಡುಕಿ ತಂದು ಗರಿಕೆ ಕೆತ್ತತೊಡಗಿದ.